ಕರೆಂಟು ಹೋದಾಗ ನೀರು ಕುಡಿಯುತ್ತಿದ್ದ ಹಸು

ಶ್ರೀರಂಗಪಟ್ಟಣದಿಂದ ಕೆ.ಆರ್. ಪೇಟೆ ಕಡೆಗೆ ಬಸ್ಸಲ್ಲಿ ಹೋಗುವಾಗ ಕಿಟಕಿ ಪಕ್ಕದ ಸೀಟು ನನಗೇ ಬೇಕು. ಗಾಳಿಗಲ್ಲ. ದಾರಿಯುದ್ದಕ್ಕೂ ನಾನು ಕೆಲಸ ಮಾಡಿದ ಮನೆಗಳಿವೆ, ಅವನ್ನು ಹೆಂಡತಿಗೆ ತೋರಿಸಬೇಕು. "ಅಗೋ, ಹಸಿರು ಗೇಟಿನ ಮನೆ, ಅದರ ಪೈಪು ಪೂರ್ತಿ ನಂದೇ. ಆ ಮಹಡಿ ಮನೆ ವೈರಿಂಗೂ ನಂದೇ." ಮದುವೆಯಾದ ಹೊಸದರಲ್ಲಿ ಕತ್ತು ಚಾಚಿ ನೋಡುತ್ತಿದ್ದಳು. ಈಗ ಕಣ್ಣು ಮುಚ್ಚಿಕೊಂಡೇ "ಹೂಂ, ನೋಡ್ದೆ" ಅನ್ನುತ್ತಾಳೆ. ಆದರೂ ನಾನು ಬಿಟ್ಟಿಲ್ಲ. ಏಳನೇ ಕ್ಲಾಸಿಗೇ ಸ್ಕೂಲಿಗೆ ನಮಸ್ಕಾರ ಹೇಳಿದವನು ನಾನು. ಗೋಡೆ ಮೇಲೆ ತೂಗುಹಾಕಲು ನನ್ನ ಹತ್ತಿರ ಸರ್ಟಿಫಿಕೇಟು ಇಲ್ಲ. ಜನರ ಗೋಡೆಯೊಳಗೆ ಹೂತಿಟ್ಟ ಪೈಪೂ ವೈರೂ ಇದೆ. ಇರುವುದನ್ನು ತೋರಿಸುತ್ತೇನೆ.

ನನ್ನ ಬೈಕಿನ ಎರಡು ಮಗ್ಗುಲಿಗೆ ಎರಡು ಚೀಲ. ಎಡಗಡೆಯದು ನೀರಿನ ಚೀಲ, ಅದರಲ್ಲಿ ಪೈಪು ತಿರುಗಿಸುವ ರಿಂಚು, ಗರಗಸದ ಬ್ಲೇಡು, ನೂಲು. ಬಲಗಡೆಯದು ಕರೆಂಟಿನ ಚೀಲ, ಅದರಲ್ಲಿ ಟೆಸ್ಟರು, ಇಕ್ಕಳ, ಟೇಪು. ನಮ್ಮ ಕಡೆ ಎರಡೂ ಕೆಲಸವನ್ನು ಒಬ್ಬನೇ ಮಾಡುವುದು ಕಡಿಮೆ. ಪಟ್ಟಣದ ಕೋಟೆಯೊಳಗಿದ್ದ ಒಬ್ಬ ಮುಸ್ಲಿಂ ಮೇಸ್ತ್ರಿ ನನಗೆ ಎರಡನ್ನೂ ಕಲಿಸಿದರು. ನಾನು ಅವರನ್ನು ಉಸ್ತಾದ್ ಅನ್ನುತ್ತಿದ್ದೆ, ಅವರು ನನ್ನನ್ನು ಬೇಟಾ ಅನ್ನುತ್ತಿದ್ದರು, ಕೋಪ ಬಂದಾಗ ಮಾತ್ರ ಕತ್ತೆ ಅನ್ನುತ್ತಿದ್ದರು.

ಉಸ್ತಾದರು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಿಕೊಟ್ಟಿದ್ದು ಅರ್ತಿಂಗು. ಫ್ರಿಜ್ಜಿನಿಂದಲೋ ಮೋಟರಿನಿಂದಲೋ ಕರೆಂಟು ಸೋರಿ ಅದರ ಮೈಗೆ ಬಂದರೆ, ಅದು ಮುಟ್ಟಿದವರ ಮೈಗೆ ನುಗ್ಗುವ ಮುಂಚೆ ಒಂದು ವೈರು ಹಿಡಿದು ಭೂಮಿಗೆ ಇಳಿದುಹೋಗಬೇಕು. ಅಷ್ಟೇ ವಿಷಯ. ಆ ಕಾಲದಲ್ಲಿ ಹಳ್ಳಿ ಮನೆಗಳಲ್ಲಿ ಇದಕ್ಕೆ ಬೇರೆ ಗುಂಡಿ ತೋಡುವವರು ಯಾರು? ಬೀದಿಯ ಕಬ್ಬಿಣದ ಪೈಪು ಹೇಗೂ ಮಣ್ಣಲ್ಲೇ ಮಲಗಿರುತ್ತಿತ್ತು. ಮನೆಯ ಅರ್ತ್ ವೈರನ್ನು ತಂದು ನಲ್ಲಿ ಪೈಪಿಗೆ ಬಿಗಿದರೆ ಮುಗಿಯಿತು. ನಾನು ಬಿಗಿದು ಮೇಲೆದ್ದಾಗಲೆಲ್ಲ ಉಸ್ತಾದರು ಬೀಡಿ ಕೈಲಿ ಹಿಡಿದು ಒಂದೇ ಪ್ರಶ್ನೆ ಕೇಳುತ್ತಿದ್ದರು.

"ನೀನು ಪೈಪಿಗೆ ಕೊಟ್ಟೆ ಬೇಟಾ. ಪೈಪು ಯಾರಿಗೆ ಕೊಡ್ತು?"

"ಭೂಮಿಗೆ, ಉಸ್ತಾದ್."

"ಶಾಭಾಸ್."

ಪ್ರತಿ ಮನೆಯಲ್ಲೂ ಇದೇ. ಆಮೇಲಾಮೇಲೆ ಅವರು ಬಾಯಿ ತೆರೆಯುವ ಮುಂಚೆಯೇ ನಾನು "ಭೂಮಿಗೆ" ಅಂದುಬಿಡುತ್ತಿದ್ದೆ. ಪ್ರಶ್ನೆ ಕೇಳಿಸಿಕೊಳ್ಳದೆ ಉತ್ತರ ಹೇಳುವ ಚಾಳಿ ಆವಾಗಲೇ ಹತ್ತಿತು ಅಂತ ಕಾಣುತ್ತದೆ.

ನನ್ನ ಅಕ್ಕನನ್ನು ಕೊಟ್ಟಿರುವುದು ಬೂಕನಕೆರೆ ಪಕ್ಕದ ಒಂದು ಹಳ್ಳಿಗೆ. ಭಾವನಿಗೆ ಗದ್ದೆ ಇದೆ, ಅಕ್ಕನಿಗೆ ಹಸು ಇದೆ. ಇದನ್ನು ನಾನು ಹೇಳುತ್ತಿರುವುದಲ್ಲ, ಅಕ್ಕನೇ ಹೇಳುವುದು. "ಗದ್ದೆ ಅವ್ರುದ್ದು, ಹಸ ನಂದು, ಅದರ ಇಸ್ಯದಲ್ಲಿ ಯಾರೂ ಬಾಯಾಕಂಗಿಲ್ಲ." ಕೆಂಪು ಬಣ್ಣದ, ಹಣೆಯ ಮೇಲೆ ಬಿಳೀ ಬೊಟ್ಟಿನ ಹಸು. ಕರುವಾಗಿದ್ದಾಗಿಂದ ಅಕ್ಕ ಸಾಕಿದ್ದು. ಅವಳು ಸೆರಗಿನ ತುದಿ ಚೀಪಲು ಕೊಟ್ಟು ಮಾತಾಡಿಸಿಕೊಂಡು ಹಾಲು ಕರೆಯುತ್ತಿದ್ದಳು. ಊರಲ್ಲಿ ಬೇರೆ ಹಸುಗಳು ಒದೆಯುತ್ತವೆ, ಇದು ಬಾಲ ಕೂಡ ಬೀಸದು ಅಂತ ಡೈರಿಯಲ್ಲಿ ಕೊಚ್ಚಿಕೊಳ್ಳುತ್ತಿದ್ದಳು. ಕೊಚ್ಚಿಕೊಳ್ಳುವುದು ನಮ್ಮ ಮನೆತನದಲ್ಲೇ ಇದೆ.

ಹೋದ ಬೇಸಿಗೆಗೆ ಅವರ ಬೀದಿ ಅಗೆದರು. ಮನೆಮನೆಗೂ ಹೊಸ ನಲ್ಲಿ. ಹಳೇ ಲೈನು ತುಕ್ಕು ಹಿಡಿದಿತ್ತು, ಅದನ್ನು ಅಲ್ಲೇ ಬಿಟ್ಟು ಪಕ್ಕದಲ್ಲಿ ಹೊಸದಾಗಿ ಪ್ಲಾಸ್ಟಿಕ್ ಪೈಪು ಎಳೆದರು. ಪ್ರತಿ ಮನೆಯ ಗೇಟಿನ ಹತ್ತಿರ ಒಂದೊಂದು ನೀಲಿ ಪೈಪಿನ ತುದಿ ಎದ್ದು ನಿಂತಿತು. ಅಲ್ಲಿಂದ ಒಳಗೆ ನಮ್ಮ ಖುಷಿ. ಅಕ್ಕ ಫೋನ್ ಮಾಡಿದಳು.

"ಲೇ, ನಿಮ್ ಭಾವ ಒಳಕ್ಕೂ ಅದೇ ಪ್ಲಾಸ್ಟಿಕ್ ಆಕುಸ್ತೀನಿ ಅಂತವ್ರೆ. ನೀನೇ ಬಂದ್ಬುಡು."

ಪ್ಲಾಸ್ಟಿಕ್ ಅಂದ ಕೂಡಲೇ ನನಗೆ ಉರಿಯಿತು. ನಾನು ಜಿಐ ಪೈಪಿನವನು. ತುದಿಗೆ ತಿರುಪಿನ ಚೂಡಿ ಹೊಡೆದು, ನೂಲು ಸುತ್ತಿ, ರಿಂಚಲ್ಲಿ ಬಿಗಿದು ಕೂಡಿಸಿದ ಕಬ್ಬಿಣದ ಪೈಪು ಅಂದರೆ ಅದರ ಗತ್ತೇ ಬೇರೆ. ಪ್ಲಾಸ್ಟಿಕ್ಕಿಗೆ ಅಂಟು ಬಳಿದು ಕೂರಿಸುವುದು ಕೆಲಸವಲ್ಲ, ಲಗ್ನಪತ್ರಿಕೆ ಅಂಟಿಸಿದ ಹಾಗೆ. ಹೋಗಿ ಭಾವನಿಗೆ ಅದನ್ನೇ ಹೇಳಿದೆ.

"ಭಾವ, ಗೇಟಿಂದ ಆಚೆಗೆ ಅವ್ರು ಏನಾದ್ರೂ ಹಾಕ್ಕೊಳ್ಳಲಿ. ಗೇಟಿಂದ ಒಳಗೆ ನನ್ನಕ್ಕನ ಮನೆ. ಕಬ್ಬಿಣನೇ."

"ಆಯ್ತು ಭಾಮೈದ, ನಿನ್ ಇಷ್ಟ. ನಾಳೆ ತುಕ್ಕಿಡೀತು ಅಂತ ಬಂದು ನಮ್ ಮುಂದೆ ಅಳಬ್ಯಾಡ."

ಎರಡು ದಿನ ಕೂತು ಕೆಲಸ ಮಾಡಿದೆ. ಗೋಡೆಗುಂಟ ಕ್ಲಾಂಪು ಹೊಡೆದು, ಹಾಲಿಡಲು ಅಂತ ಭಾವ ಹಳೇ ಫ್ರಿಜ್ಜೊಂದನ್ನು ತಂದಿಟ್ಟಿದ್ದ ಅಡುಗೆಮನೆಗೆ ಒಂದು ಕವಲು, ಬಚ್ಚಲಿಗೆ ಒಂದು ಕವಲು ತೆಗೆದೆ. ಕೊನೆಗೆ ಯಾರೂ ಕೇಳದಿದ್ದರೂ ಕೊಟ್ಟಿಗೆಗೊಂದು ಲೈನು ಎಳೆದೆ. ಸಿಮೆಂಟ್ ಕಟ್ಟೆಯಲ್ಲಿ ನಿಲ್ಲಿಸಿದ್ದ, ಹಸು ಕಟ್ಟುವ ಕಬ್ಬಿಣದ ಕಂಬಕ್ಕೇ ಪೈಪು ಬಿಗಿದು, ಸಿಮೆಂಟ್ ತೊಟ್ಟಿಯ ನೀರೊಳಕ್ಕೆ ಮೂತಿ ಮುಳುಗುವ ಹಾಗೆ ಇಳಿಸಿದೆ. ಹಸು ಕುಡಿದಷ್ಟೂ ತಾನಾಗಿ ತುಂಬಿಕೊಳ್ಳಬೇಕು, ಅಕ್ಕ ಇನ್ನು ಬಿಂದಿಗೆ ಹೊರುವಂತಿಲ್ಲ. ಆ ಊರಲ್ಲಿ ಹಸುವಿಗೆ ನಲ್ಲಿ ಕೊಟ್ಟ ಮೊದಲನೆಯವನು ನಾನೇ.

ಕೊನೆಯ ಕೆಲಸ ಅರ್ತ್ ವೈರು. ಮೊದಲು ಹಳೇ ಪೈಪಿಗೆ ಬಿಗಿದಿತ್ತು, ಅದೂ ನಾನೇ ಹಿಂದೆ ಬಿಗಿದದ್ದು. ಹಳೇ ಪೈಪು ಕಿತ್ತಾಗ ಅದು ಗೋಡೆಯಿಂದ ಇಲಿ ಬಾಲದ ಹಾಗೆ ನೇತಾಡುತ್ತಿತ್ತು. ಹಳೇ ಗೂಟದಿಂದ ಹೊಸ ಗೂಟಕ್ಕೆ ಹಗ್ಗ ಬದಲಾಯಿಸಿದಷ್ಟೇ ಸಲೀಸಾಗಿ ಅದನ್ನು ಹೊಸ ಪೈಪಿಗೆ ಬಿಗಿದು ಮೇಲೆದ್ದೆ. ಪ್ರಶ್ನೆ ಕೇಳಲು ಉಸ್ತಾದರು ಪಕ್ಕದಲ್ಲಿರಲಿಲ್ಲ.

ಅಕ್ಕ ಕೇಳಿದಳು, "ಅದೇನ್ಲಾ ಅದು?"

"ಅರ್ತ್ ಕಣಕ್ಕ."

ನಮ್ಮ ಕಡೆ ಅರ್ಥ ಅನ್ನುವುದಕ್ಕೂ ಅರ್ತ ಅಂತಲೇ ಅನ್ನುವುದು. ಅವಳು ವೈರನ್ನೂ ನನ್ನನ್ನೂ ನೋಡಿ, "ಪೈಪ್ಗೂ ಅರ್ತ ಆಗ್ಬೇಕಾ? ಆಗ್ಲಿ ಬುಡು, ಮನೇಲಿ ಯಾರಿಗಾದ್ರೂ ಆಗ್ಲಿ" ಅಂತ ಭಾವನ ಕಡೆ ಕಣ್ಣು ಹೊರಳಿಸಿದಳು.

ಸಂಜೆಗೆ ನೀರು ಬಂತು. ಮನೆಗೆ ಹೊಸ ನೀರು ಬಂದರೆ ಗಂಗೆ ಪೂಜೆ ಆಗದೆ ಯಾರೂ ಮುಟ್ಟುವಂತಿಲ್ಲ. ಅಕ್ಕ ಕಾಲು ತೊಳೆದು, ಚಪ್ಪಲಿ ಆಚೆ ಬಿಟ್ಟು, ಒದ್ದೆ ಕಲ್ಲಿನ ಮೇಲೆ ನಿಂತು ನಲ್ಲಿಗೆ ಅರಿಶಿನ ಬಳಿದಳು, ಕುಂಕುಮ ಇಟ್ಟಳು, ಹೂ ಮುಡಿಸಿದಳು. ಕುಂಕುಮ ಇಡುವಾಗ ಒಮ್ಮೆ ಕೈ ಹಿಂದಕ್ಕೆಳೆದುಕೊಂಡಳು. ಕಣ್ಣಲ್ಲಿ ನೀರು.

"ಏನಕ್ಕ?"

"ಜುಮ್ ಅಂತು ಕಣ್ಲಾ. ಬೆರಳಿಂದ ರಟ್ಟೆಗಂಟ ಬಂತು. ಗಂಗವ್ವ ಮೈಮುಟ್ಟುದ್ಲು."

ನನಗೂ ಮೈ ರೋಮಾಂಚನ ಆಯಿತು, ಸುಳ್ಳು ಯಾಕೆ ಹೇಳಲಿ. ಮೂವತ್ತು ವರ್ಷದಿಂದ ಕರೆಂಟಿನ ಕೆಲಸ ಮಾಡುತ್ತಿರುವ ಮನುಷ್ಯ, ನನ್ನಕ್ಕನಿಗೆ ಗಂಗವ್ವ ಒಲಿದಳು, ಅದೂ ನಾನು ಹಾಕಿದ ಪೈಪಿನಲ್ಲಿ ಅಂತ ಹಿಗ್ಗಿಹೋದೆ. ಅವತ್ತು ಒಬ್ಬಟ್ಟು ಮಾಡಿದ್ದಳು. ಎರಡು ಜಾಸ್ತಿಯೇ ತಿಂದೆ. ಮರುದಿನದಿಂದ ಅಕ್ಕ ಬೆಳಿಗ್ಗೆ ಎದ್ದ ಕೂಡಲೇ ಬರಿಗಾಲಲ್ಲಿ ಹೋಗಿ ನಲ್ಲಿಗೆ ಕುಂಕುಮ ಇಡುವುದನ್ನು ರೂಢಿ ಮಾಡಿಕೊಂಡಳು.

ಹತ್ತು ಹನ್ನೆರಡು ದಿನ ಆಗಿರಬೇಕು. ನಾಗಮಂಗಲದಲ್ಲಿ ಒಂದು ಮನೆಯ ಸಂಪಿನ ಕೆಲಸದಲ್ಲಿದ್ದೆ. ಭಾವನ ಫೋನು.

"ಭಾಮೈದ, ನಿನ್ ತೊಟ್ಟಿ ನೀರ್ನ ಹಸ ಮೂಸ್ತಾನೂ ಇಲ್ಲ ಕಣಯ್ಯ. ಬಾಯಿ ಆಕ್ತದೆ, ತಲೆ ಕೊಡವ್ಕಂಡು ಇಂದಕ್ಕೋಯ್ತದೆ. ಹಾಲು ಅರ್ಧ ಆಯ್ತು. ನೆನ್ನೆ ನಿಮ್ಮಕ್ಕನ್ನ ಒದ್ದು ಬೀಳ್ಸ್‌ಬುಡ್ತು."

"ಒದೀತಾ? ಆ ಹಸುನಾ?"

"ಅದೇ ಹಸ. ಮೊಣಕಾಲು ಊದ್ಕಂಡು ಕುಂತವ್ಳೆ. ನಾನಂತೂ ದಲ್ಲಾಳಿಗೆ ಏಳ್‌ಬುಟ್ಟಿವ್ನಿ. ಸ್ವಾಮಾರ ಗಾಡಿ ತತ್ತಾನೆ. ಒದೆಯೋ ಹಸನ ಮಡೀಕಂಡು ಏನ್ ಮಾಡಾನ?"

ಹಿಂದಿನಿಂದ ಅಕ್ಕನ ಧ್ವನಿ ಕೇಳಿಸಿತು. "ಗಾಡಿ ಬರ್ಲಿ, ನಾನೂ ಅದೇ ಗಾಡೀಲಿ ಹೋಯ್ತೀನಿ ಅಂತ ಏಳಿ ನನ್ ತಮ್ಮಂಗೆ."

ಅವತ್ತು ಶುಕ್ರವಾರ. ಶನಿವಾರ ಬೆಳಿಗ್ಗೆಯೇ ಹೊರಟೆ. ಹಸುವಿನ ಚಿಂತೆಗಿಂತ ನನ್ನ ತೊಟ್ಟಿ ನೀರಿನ ಮೇಲೆ ದೂರು ಬಂತಲ್ಲ ಅನ್ನುವ ಕೋಪ ಜಾಸ್ತಿ ಇತ್ತು. ನೀರಿನ ದೂರು ತಾನೇ, ಅದಕ್ಕೇ ನೀರಿನ ಚೀಲ ಒಂದನ್ನೇ ಬೈಕಿಗೆ ಹಾಕಿಕೊಂಡೆ. ಕರೆಂಟಿನ ಚೀಲ ಮನೆಯಲ್ಲೇ ಉಳಿಯಿತು.

ಅಲ್ಲಿ ಹೋಗಿ ನೋಡಿದರೆ ಆಗಲೇ ಎಲ್ಲ ಬಗೆಯ ವೈದ್ಯವೂ ಆಗಿತ್ತು. ಹಸುವಿನ ಕೊಂಬಿಗೆ ಕರೀ ದಾರ. ತೊಟ್ಟಿಯ ಮೇಲೆ ನಿಂಬೆಹಣ್ಣು. ಹೊಸ ನೀರಿಗೆ ಪುಡಿ ಹಾಕುತ್ತಾರೆ, ಆ ವಾಸನೆಗೆ ಹಸು ಕುಡಿಯೋಲ್ಲ ಅಂತ ಒಬ್ಬರು. ಕಬ್ಬಿಣದ ಕಿಲುಬು ಅಂತ ಭಾವ. ಆ ಕಿಲುಬು ಅನ್ನುವ ಮಾತು ಬಂದ ಕೂಡಲೇ ನಾನು ತೊಟ್ಟಿಯನ್ನು ತೆಂಗಿನ ನಾರು ಹಾಕಿ ಉಜ್ಜಿ ತೊಳೆದೆ, ಹೊಸ ನೀರು ಬಿಟ್ಟು, ಪ್ಲಾಸ್ಟಿಕ್ ಮಗ್ಗಲ್ಲಿ ತುಂಬಿಕೊಂಡು ಎಲ್ಲರ ಮುಂದೆ ಗಟಗಟ ಕುಡಿದೆ.

"ನೋಡಿ ಭಾವ. ಎಳನೀರು ಇದ್ದಂಗಿದೆ."

"ನೀ ಕುಡುದ್ರೆ ಹಾಲು ಕೊಡ್ತೀಯಾ?"

ಸುತ್ತ ನಿಂತವರೆಲ್ಲ ನಕ್ಕರು. ನಾನು ಹಸುವಿನ ಮುಖ ನೋಡಿದೆ. ಅದು ತೊಟ್ಟಿಯಿಂದ ಹಗ್ಗ ಎಷ್ಟು ಬಿಡುತ್ತದೋ ಅಷ್ಟು ದೂರಕ್ಕೆ ನಿಂತು ನನ್ನನ್ನೇ ನೋಡುತ್ತಿತ್ತು.

ಅಕ್ಕ ಜಗಲಿ ಮೇಲೆ ಕಾಲು ಚಾಚಿ ಕೂತಿದ್ದಳು. ಮೊಣಕಾಲಿಗೆ ಎಕ್ಕದೆಲೆ ಕಟ್ಟಿಕೊಂಡಿದ್ದಳು. ಮೆತ್ತಗೆ ಅಂದಳು, "ಕರೆಂಟ್ ವೋದ್ರೆ ಕುಡೀತದೆ ಕಣ್ಲಾ."

"ಏನು?"

"ಮೊನ್ನೆ ಮದ್ಯಾನ ಕರೆಂಟ್ ತೆಗುದ್ರಲ್ಲ, ಆವಾಗ ತೊಟ್ಟಿ ತಳ ಕಾಣಂಗೆ ಕುಡೀತು. ನೆನ್ನೇನೂ ಅಂಗೇಯ. ಕರೆಂಟ್ ಬಂದೇಟ್ಗೆ ಬುಟ್‌ಬುಡ್ತದೆ."

ಭಾವ ತೊಡೆ ತಟ್ಟಿಕೊಂಡು ನಕ್ಕರು. "ಕೇಳ್ದಾ ಭಾಮೈದ? ಕರೆಂಟ್ ಬಂದೇಟ್ಗೆ ನಿಮ್ಮಕ್ಕನ ಹಸ ಸೀರಿಯಲ್ ನೋಡಕ್ಕೆ ಓಡೋಯ್ತದಂತೆ."

ನಾನೂ ನಕ್ಕೆ. ಇವತ್ತಿಗೂ ಆ ನಗು ನೆನೆದರೆ ನನಗೆ ಕಿವಿ ಬಿಸಿಯಾಗುತ್ತದೆ. ಅಲ್ಲಿದ್ದವರಲ್ಲಿ ಆ ಮಾತು ಅರ್ಥ ಆಗಬೇಕಾಗಿದ್ದ ಮನುಷ್ಯ ಒಬ್ಬನೇ. ಅವನೇ ಎಲ್ಲರಿಗಿಂತ ಜೋರಾಗಿ ನಕ್ಕ. ಅಕ್ಕ ಮುಖ ತಿರುಗಿಸಿಕೊಂಡಳು. "ನಗ್ರಪ್ಪ ನಗ್ರಿ" ಅಂದಳು, ಅಷ್ಟೇ.

ಊಟಕ್ಕೂ ನಿಲ್ಲದೆ ಹೊರಟೆ. ಪಾಂಡವಪುರಕ್ಕೆ ಸ್ವಲ್ಪ ಮುಂಚೆ ರಸ್ತೆ ಪಕ್ಕ ಒಂದು ಟೀ ಅಂಗಡಿ. ಟೀ ಲೋಟ ಕೈಗೆ ತೆಗೆದುಕೊಂಡು, ನೀರಿನ ಬಾಟಲಿಗೆ ಅಂತ ಫ್ರಿಜ್ಜಿನ ಬಾಗಿಲಿಗೆ ಕೈ ಹಾಕಲು ಹೋದೆ. ಹಿಡಿಗೆ ಟವಲ್ ಸುತ್ತಿತ್ತು. ಕೆಳಗೊಂದು ಮಣೆ.

"ಅಣ್ಣಾ, ಮಣೆ ಮ್ಯಾಲೆ ನಿಂತ್ಕಂಡು ತಗೀರಿ, ವಸಿ ಕರೆಂಟ್ ಒಡೀತದೆ" ಅಂದ ಅಂಗಡಿಯವನು.

ಬಾಯಿಗೆ ರೂಢಿ ಆಗಿಹೋಗಿದೆಯಲ್ಲ, ಬಂದುಬಿಟ್ಟಿತು. "ಅರ್ತ್ ಇಲ್ಲ ಕಣಯ್ಯ ನಿನ್ ಫ್ರಿಜ್ಜಿಗೆ. ಮೊದ್ಲು ಅರ್ತ್ ಮಾಡ್ಸು."

ಅವನಿಗೆ ಸಿಟ್ಟು ಬಂತು. "ಇಲ್ದೆ ಏನ್ ಸ್ವಾಮಿ? ನಾನೇ ಕೊಟ್ಟಿವ್ನಿ. ನೋಡಿ ಇಲ್ಲಿ, ನಲ್ಲಿ ಪೈಪ್ಗೆ ಬಿಗ್‌ದಿವ್ನಿ."

ಬಗ್ಗಿ ನೋಡಿದೆ. ನಿಜ, ಬಿಗಿದಿದ್ದ. ಹಸಿರು ವೈರಿನ ತುದಿ ಸುಲಿದು, ಆರೇಳು ಸುತ್ತು ಹಾಕಿ, ಇಕ್ಕಳದಲ್ಲಿ ಮುರುಕಿ, ನೀಟಾಗಿ ಬಿಗಿದಿದ್ದ. ಬೀದಿಯಿಂದ ಬಂದ ನೀಲಿ ಪ್ಲಾಸ್ಟಿಕ್ ಪೈಪಿಗೆ.

ನಗು ಉಕ್ಕಿತು. ಪ್ಲಾಸ್ಟಿಕ್ಕಿಗೆ ಅರ್ತ್ ಕೊಟ್ಟವ್ನೆ, ಮನೆಗೆ ಹೋಗಿ ಹೆಂಡತಿಗೆ ಹೇಳಬೇಕು ಅಂದುಕೊಂಡೆ. "ಅಲ್ಲಯ್ಯ, ನೀನೇನೋ ಪೈಪಿಗೆ ಕೊಟ್ಟೆ, ಆ ಪೈಪು ಯಾರಿಗೆ..." ಅಂದವನು ಅಲ್ಲಿಗೇ ನಿಂತೆ. ಟೀ ಲೋಟ ಕೈಯಲ್ಲೇ ಇತ್ತು.

ನಾನು ಪೈಪಿಗೆ ಕೊಟ್ಟೆ. ಕಬ್ಬಿಣದ ಪೈಪಿಗೇ ಕೊಟ್ಟೆ. ಆದರೆ ಆ ಕಬ್ಬಿಣದ ಪೈಪು ಗೋಡೆಗುಂಟ ಹೋಗಿ ಗೇಟಿನ ಹತ್ತಿರ ಇದೇ ನೀಲಿ ಪ್ಲಾಸ್ಟಿಕ್ಕಿಗೆ ಮೂತಿ ಕೂಡಿಸಿಕೊಂಡು ನಿಂತಿದೆ. ಮಣ್ಣನ್ನು ಎಲ್ಲೂ ಮುಟ್ಟೇ ಇಲ್ಲ. ಅಡುಗೆಮನೆಯ ಆ ಹಳೇ ಫ್ರಿಜ್ಜಿನಿಂದ ಸೋರಿದ ಕರೆಂಟು ನಾನು ಬಿಗಿದ ವೈರು ಹಿಡಿದು ಪೈಪಿಗೆ ಬಂತು, ಪೈಪಿನಿಂದ ತೊಟ್ಟಿಗೂ ಹಸು ಕಟ್ಟುವ ಕಂಬಕ್ಕೂ ಬಂತು. ರಬ್ಬರ್ ಚಪ್ಪಲಿಯ ನಮಗ್ಯಾರಿಗೂ ಅದು ತಟ್ಟಲಿಲ್ಲ. ಹಸುವಿಗೆ ಚಪ್ಪಲಿ ಇಲ್ಲ. ಹಸುವಿಗೆ ಇಲ್ಲ, ಬೆಳಿಗ್ಗೆ ಒದ್ದೆ ಕಲ್ಲಿನ ಮೇಲೆ ನಿಂತು ಕುಂಕುಮ ಇಡುವ ನನ್ನಕ್ಕನಿಗೂ ಇಲ್ಲ.

ಇವತ್ತು ಜುಮ್ ಅಂದದ್ದು ನಾಳೆ ಬರೀ ಜುಮ್ ಅನ್ನುತ್ತದೆ ಅಂತ ಯಾರು ಹೇಳಿದರು? ಸೋರಿಕೆ ಒಂದಿಷ್ಟು ಜಾಸ್ತಿಯಾದರೆ ಮುಗಿಯಿತು. ಟೀ ಲೋಟ ಕೆಳಗಿಟ್ಟೆ. ಅಕ್ಕನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಎರಡನೇ ಸಲಕ್ಕೂ ಇಲ್ಲ. ಭಾವನಿಗೆ ಮಾಡಿದೆ.

"ಭಾವ, ಮೈನ್ ಸ್ವಿಚ್ ಇಳ್ಸಿ."

"ಯಾಕ್ಲಾ? ಮ್ಯಾಚ್ ಬತ್ತಾ ಅದೆ."

"ಮೊದ್ಲು ಇಳ್ಸಿ ಭಾವ! ಅಕ್ಕನ್ನ ನಲ್ಲಿ ಮುಟ್ಟಕ್ಕೆ ಬಿಡಬೇಡಿ. ಕಾಲ್ ಹಿಡೀತೀನಿ, ಇಳ್ಸಿ."

ನಾನು ಕಾಲು ಹಿಡಿಯುತ್ತೇನೆ ಅಂದದ್ದು ಅವರ ಮದುವೆ ದಿನ ಬಿಟ್ಟರೆ ಅದೇ ಮೊದಲು. ಟಕ್ ಅಂತ ಸದ್ದು ಕೇಳಿಸಿತು, ಟಿವಿಯ ಗಲಾಟೆ ನಿಂತಿತು.

ಅಂಗಡಿಯವನ ಫ್ರಿಜ್ಜಿನ ಪ್ಲಗ್ಗನ್ನು ನಾನೇ ಕಿತ್ತು, ಗುಂಡಿ ತೋಡಿ ಸರಿಯಾದ ಅರ್ತ್ ಮಾಡಿಸುವ ತನಕ ಹಾಕಬೇಡ ಅಂತ ಹೇಳಿ, ಪಾಂಡವಪುರಕ್ಕೆ ಹೋಗಿ ಒಂದು ಹೊಸ ಟೆಸ್ಟರು ತೆಗೆದುಕೊಂಡು ಬೈಕು ತಿರುಗಿಸಿದೆ. ದಾರಿಯುದ್ದಕ್ಕೂ ಒಂದು ಲೆಕ್ಕಾಚಾರ ತಲೆಯಲ್ಲಿ ಓಡುತ್ತಿತ್ತು. ಇದನ್ನು ರಸ್ತೆ ಅಗೆದವರ ತಲೆಗೆ ಕಟ್ಟಬಹುದು. ಪ್ಲಾಸ್ಟಿಕ್ ಹಾಕಿದ್ದು ಅವರು ತಾನೇ? ಹಳೇ ಕಬ್ಬಿಣದ ಲೈನು ಇದ್ದಿದ್ದರೆ ಇದೆಲ್ಲ ಆಗುತ್ತಿತ್ತಾ? ಬಾಯಿ ತೆರೆದರೆ ಸಾಕು, ಊರೆಲ್ಲ ನನ್ನ ಮಾತನ್ನೇ ನಂಬುತ್ತದೆ. ಅಲ್ಲಿ ನನಗಿಂತ ಹೆಚ್ಚು ಗೊತ್ತಿರುವವರು ಯಾರೂ ಇಲ್ಲ. ಊರು ಹತ್ತಿರ ಬರುವ ಹೊತ್ತಿಗೆ ಮಾತನ್ನು ಪೂರ್ತಿ ಜೋಡಿಸಿಕೊಂಡಿದ್ದೆ.

ಮನೆ ಹತ್ತಿರ ಹೋದರೆ ಭಾವ ಗೇಟಿನಲ್ಲೇ ನಿಂತಿದ್ದರು, ಮುಖದಲ್ಲಿ ನಗು ಇರಲಿಲ್ಲ. "ಮೈನ್ ಇಳ್ಸಿದ್ದೇ ತಡ, ವೋಗಿ ಬಾಯಿಟ್ತು. ಎರಡು ದಪ ತೊಟ್ಟಿ ಖಾಲಿ ಆಯ್ತು" ಅಂದರು. ಹಸು ಮೂತಿಯಿಂದ ನೀರು ತೊಟ್ಟಿಕ್ಕಿಸಿಕೊಂಡು ನಿಂತಿತ್ತು.

ಎಲ್ಲರನ್ನೂ ದೂರ ನಿಲ್ಲಿಸಿ, ಮೈನ್ ಎತ್ತಿಸಿ, ಟೆಸ್ಟರನ್ನು ಪೈಪಿಗೆ ಇಟ್ಟೆ. ಹಿಡಿಯೊಳಗಿನ ಪುಟ್ಟ ಬಲ್ಬು ಕೆಂಪಗೆ ಕಣ್ಣು ಬಿಟ್ಟಿತು. ಫ್ರಿಜ್ಜಿನ ಪ್ಲಗ್ ಕೀಳಿಸಿದೆ. ಬಲ್ಬು ಆರಿತು.

"ಏನಾಗದೆ?" ಅಂದರು ಭಾವ.

"ಆಚೆ ಪ್ಲಾಸ್ಟಿಕ್ ಹಾಕ್ಬುಟ್ಟವ್ರಲ್ಲ ಭಾವ, ಅದುಕ್ಕೆ ಈ ಥರ" ಅಂತ ಶುರು ಮಾಡಿದೆ. ಜೋಡಿಸಿಟ್ಟುಕೊಂಡಿದ್ದ ಮಾತು ಸಲೀಸಾಗಿಯೇ ಬರುತ್ತಿತ್ತು. ಭಾವ ತಲೆಯಾಡಿಸುತ್ತಿದ್ದರು. ಪಕ್ಕದ ಮನೆಯವರು "ಅವ್ರು ಇಂಗೇಯ ಕಣಪ್ಪ" ಅಂದರು.

ಅಕ್ಕ ಜಗಲಿಯಿಂದ ಕೇಳಿದಳು, "ಅಂಗಾರೆ, ಅವತ್ತು ಪೂಜೆ ದಿವ್ಸ ನಂಗೆ ಜುಮ್ ಅಂತಲ್ಲ, ಅದು?"

ಅವಳ ಮುಖದಲ್ಲಿ ದೂರು ಇರಲಿಲ್ಲ. ಸುಮ್ಮನೆ ಕೇಳುತ್ತಿದ್ದಳು. ಹನ್ನೆರಡು ದಿನ ಅವಳು ಕೈಮುಗಿದದ್ದು ಯಾರಿಗೆ ಅಂತ ಅವಳಿಗೆ ಗೊತ್ತಾಗಬೇಕಿತ್ತು, ಅಷ್ಟೇ. ಇದಕ್ಕೆ ರಸ್ತೆ ಅಗೆದವರ ಹೆಸರು ಹೇಳಲು ನನಗೆ ನಾಲಿಗೆ ಏಳಲಿಲ್ಲ.

"ಅದು ಗಂಗವ್ವ ಅಲ್ಲ ಕಣಕ್ಕ" ಅಂದೆ. "ಅದು ನಾನು."

"ಏನ್ಲಾ ಅಂಗಂದ್ರೆ?"

"ಪ್ಲಾಸ್ಟಿಕ್ ಹಾಕ್ತಾವ್ರೆ ಅಂತ ನಂಗೆ ಗೊತ್ತಿತ್ತು. ಕಣ್ಣಾರೆ ನೋಡಿದ್ದೆ. ಆದ್ರೂ ಯೋಚನೆ ಮಾಡ್ದೆ ಅರ್ತ್ ವೈರ್ನ ಪೈಪ್ಗೆ ಬಿಗ್ದೆ. ಕರೆಂಟು ನಿನ್ ತಾವ್ಕೆ ಬಂದಿದ್ದು ನನ್ ಕೈಯಿಂದ. ಹಸ ಒದ್ದಿದ್ದೂ ಅದುಕ್ಕೇಯ. ತಪ್ಪು ರೋಡಿನೋರ್ದಲ್ಲ, ಹಸಿಂದಲ್ಲ, ನಂದು."

ಅಕ್ಕ ಜಗಲಿಯ ಮೇಲೆ ಮುಂದಕ್ಕೆ ಬಾಗಿ ನನ್ನನ್ನು ನೋಡಿದಳು. ಆಮೇಲೆ ಅಂದಳು:

"ಅಂಗಾರೆ ಇಷ್ಟು ದಿವ್ಸ ನಾನು ಕುಂಕುಮ ಮಡಗಿದ್ದು ನಿಂಗೇನ್ಲಾ, ಮುಂಡೇದೇ?"

ಭಾವ ಮೊದಲು ನಕ್ಕರು. ಆಮೇಲೆ ಅಕ್ಕನೂ ನಕ್ಕಳು, ಊದಿದ ಮೊಣಕಾಲು ಹಿಡಿದುಕೊಂಡು. "ಪೈಪ್ಗೆ ಅರ್ತ ಆಗದೆ ಅಂದ. ಪೈಪ್ಗೂ ಆಗಿರ್ಲಿಲ್ಲ, ಮಾಡಿದೋನ್ಗೂ ಆಗಿರ್ಲಿಲ್ಲ. ಆಗಿದ್ದು ನನ್ ಹಸಿಗೆ ಒಂದ್ಕೇಯ." ನಾನು ಬಗ್ಗಿಸಿದ ತಲೆ ಎತ್ತಲಿಲ್ಲ. ಎತ್ತಿದ್ದರೆ ಅತ್ತುಬಿಡುತ್ತಿದ್ದೆ.

ಭಾನುವಾರ ಗುಂಡಿ ತೋಡಿದೆವು. ಬಚ್ಚಲ ಹಿಂದೆ ಸದಾ ತೇವ ಇರುವ ಜಾಗ. ಭಾವ ಹಾರೆ ಹಿಡಿದರು, ನಾನು ಗುದ್ದಲಿ. ಆಳುದ್ದ ಇಳಿದ ಮೇಲೆ ಅರ್ತಿಂಗಿನ ಕೊಳವೆ ನಿಲ್ಲಿಸಿ, ಸುತ್ತಲೂ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು. ತೇವ ಹಿಡಿದಿಡಲು ಇದು ಉಸ್ತಾದರು ಕಲಿಸಿದ ಕ್ರಮ. ಅಕ್ಕ ಕುಂಟುತ್ತ ಬಂದು ಗುಂಡಿಯೊಳಕ್ಕೆ ಇಣುಕಿದಳು.

"ಉಪ್ಪಾಯ್ತು. ಒಸಿ ಉಳಿ ಖಾರನೂ ಆಕ್ಬುಡಿ, ಒಂದ್ ದಪ ಕುದಿಸ್ಬುಡಾನ."

ಫ್ರಿಜ್ಜು ರಿಪೇರಿಗೆ ಹೋಯಿತು. ಅದು ಬರುವ ತನಕ ಅಂತ ಬೇರೆ ಫ್ರಿಜ್ಜು ತಂದಿಟ್ಟೆವು. ಮನೆಯ ಅರ್ತ್ ವೈರನ್ನು ನೇರ ಗುಂಡಿಗೆ ಇಳಿಸಿದೆ, ಪೈಪಿಗೂ ಕೊಟ್ಟಿಗೆ ಕಂಬಕ್ಕೂ ಒಂದೊಂದು ವೈರು ಅಲ್ಲಿಂದಲೇ ಎಳೆದೆ. ಸೋರಿಕೆ ಆದರೆ ತಾನಾಗಿ ಬೀಳುವ ಸ್ವಿಚ್ಚೊಂದನ್ನು ಮೈನಿನ ಪಕ್ಕ ಕೂರಿಸಿದೆ. ಟೆಸ್ಟರು ಇಟ್ಟು ನೋಡಿದೆ, ಟೆಸ್ಟಿಂಗ್ ಬಲ್ಬು ಇಟ್ಟು ನೋಡಿದೆ. ಕೊನೆಗೆ ಉಸ್ತಾದರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವರಿಗೆ ಈಗ ವಯಸ್ಸಾಗಿದೆ, ಕಿವಿ ಮಂದ. ಎಲ್ಲ ಕೇಳಿಸಿಕೊಂಡು ಹಳೇ ಪ್ರಶ್ನೆಯನ್ನೇ ಕೇಳಿದರು.

"ಈಗ ಪೈಪು ಯಾರಿಗೆ ಕೊಡ್ತು?"

ಈ ಸಲ ಗುಂಡಿಯ ಕಡೆ ನೋಡಿ, ಪೈಪಿನಿಂದ ಅಲ್ಲಿವರೆಗೆ ವೈರನ್ನು ಕಣ್ಣಲ್ಲೇ ಹಿಂಬಾಲಿಸಿ, ಆಮೇಲೆ ಹೇಳಿದೆ. "ಭೂಮಿಗೆ, ಉಸ್ತಾದ್."

"ಹಸುಗೆ ಕೇಳು" ಅಂದರು. "ಅದು ಹೇಳಿದ ಮೇಲೆ ಶಾಭಾಸ್."

ಹಸು ಹೇಳಲಿಲ್ಲ. ಭಾನುವಾರ ಸಂಜೆ ಕರೆಂಟು ಇತ್ತು, ಎಲ್ಲ ಸರಿಯಾಗಿತ್ತು, ಅದು ತೊಟ್ಟಿ ಹತ್ತಿರ ಬರಲಿಲ್ಲ. ಕರೆಂಟು ತೆಗೆದರೆ ಬಂತು, ಹಾಕಿದರೆ ಹಿಂದೆ ಹೋಯಿತು. ಅಡುಗೆಮನೆಯಲ್ಲಿ ಫ್ರಿಜ್ಜು ಗುರ್ ಅನ್ನುವ ಸದ್ದನ್ನು ಅದು ಗುರುತು ಹಿಡಿದುಬಿಟ್ಟಿತ್ತು. ನನ್ನ ಟೆಸ್ಟರಿನ ಮಾತನ್ನು ಅದು ಯಾಕೆ ಕೇಳಬೇಕು?

ಸೋಮವಾರ ಬೆಳಿಗ್ಗೆ ದಲ್ಲಾಳಿಯ ಗಾಡಿ ಬಂದೇ ಬಂತು. ಭಾವ ಮಾತು ಕೊಟ್ಟಿದ್ದರು. ಅವರಿಗೂ ಮನಸ್ಸಿಲ್ಲ, ಆದರೆ "ನೀರ್ ಕುಡೀದ ಹಸನ ಯಾವ ಬಾಯಲ್ಲಿ ಮಡೀಕೊತೀನಿ ಅನ್ಲಿ?" ಅಂದರು. ದಲ್ಲಾಳಿ ಒಳಗೆ ಬಂದು ಹಸುವಿನ ಬೆನ್ನು ಸವರಿ, ಹಗ್ಗಕ್ಕೆ ಕೈ ಹಾಕಿದ. ಅಕ್ಕ ಕಂಬ ಹಿಡಿದುಕೊಂಡು ನಿಂತಿದ್ದಳು.

ನನಗೆ ಬೇರೇನೂ ಹೊಳೆಯಲಿಲ್ಲ. ಚಪ್ಪಲಿ ಬಿಟ್ಟೆ. ಪ್ಯಾಂಟು ಮಡಚಿದೆ. ಒಂದು ಬಿಂದಿಗೆ ನೀರು ನೆಲಕ್ಕೆ ಸುರಿದು, ಆ ಕೆಸರಿನಲ್ಲಿ ಬರಿಗಾಲಲ್ಲಿ ನಿಂತು, ಪೈಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಫ್ರಿಜ್ಜು ಗುರ್ ಅನ್ನುತ್ತಿತ್ತು.

"ಇವ್ನ್ಗೇನಾಯ್ತು?" ಅಂದ ದಲ್ಲಾಳಿ.

"ಹಸುಗೆ ತೋರುಸ್ತಾವ್ನೆ ಬುಡು" ಅಂದರು ಭಾವ.

ಎಷ್ಟು ಹೊತ್ತು ನಿಂತಿದ್ದೆನೋ. ದಲ್ಲಾಳಿ ಒಂದು ಬೀಡಿ ಮುಗಿಸಿದ. ಹಸು ನನ್ನ ಕೈ ನೋಡಿತು, ಕಾಲು ನೋಡಿತು. ಒಂದು ಹೆಜ್ಜೆ ಬಂತು. ಮೂತಿ ಚಾಚಿ ಮೊದಲು ನನ್ನ ಮೊಣಕೈ ನೆಕ್ಕಿತು. ಏನೂ ಆಗಲಿಲ್ಲ. ಆಮೇಲೆ ಪೈಪನ್ನು ಮೂಸಿತು. ಆಮೇಲೆ ತೊಟ್ಟಿಗೆ ಬಾಯಿಟ್ಟಿತು. ಗುಟುಕು ಇಳಿಯುವುದು ಅದರ ಕತ್ತಿನಲ್ಲಿ ಕಾಣುತ್ತಿತ್ತು. ಒಂದು, ಎರಡು, ಮೂರು. ತಲೆ ಎತ್ತಲೇ ಇಲ್ಲ.

ಅಕ್ಕ ಬಂದು ದಲ್ಲಾಳಿಯ ಕೈಯಿಂದ ಹಗ್ಗ ಬಿಡಿಸಿಕೊಂಡಳು. "ಕಾಪಿ ಕುಡ್ಕಂಡು ವೋಗಣ್ಣ" ಅಂದಳು.

"ಸಾಕು ಬಾರೋ ಈಚೆಗೆ, ಕೆಸರಲ್ಲಿ ಬೇರ್ ಬುಟ್ಟೀಯ" ಅಂದರು ಭಾವ ನನಗೆ. ಆದರೆ ಹಸು ಕುಡಿದು ಮುಗಿಸುವ ತನಕ ನಾನು ಪೈಪು ಬಿಡಲಿಲ್ಲ.

ಆಮೇಲಿನ ಎರಡು ತಿಂಗಳು ನನಗೆ ಹೊಸ ಕೆಲಸ ಮಾಡಲು ಪುರುಸೊತ್ತು ಇರಲಿಲ್ಲ. ಹೊಸ ಪೈಪು ಬಂದ ಮೇಲೆ ನಾನು ಅರ್ತ್ ಬದಲಾಯಿಸಿ ಬಂದ ಮನೆಗಳೆಲ್ಲ ತಲೆಯಲ್ಲಿದ್ದವು. ಶೀಳನೆರೆಯಲ್ಲಿ, ಪಾಂಡವಪುರದಲ್ಲಿ, ನಾಗಮಂಗಲದಲ್ಲಿ, ನಮ್ಮ ಕರಿಘಟ್ಟದ ಕೆಳಗಿನ ಬೀದಿಯಲ್ಲೇ ಮೂರು. ಒಂದೊಂದಕ್ಕೂ ಹೋಗಿ, ತಪ್ಪು ನನ್ನದು ಅಂತ ಹೇಳಿ ಗುಂಡಿ ತೋಡಿ ಬಂದೆ. ಕೆಲವರು ಬೈದರು, ಹೆಚ್ಚಿನವರು ಕಾಫಿ ಕೊಟ್ಟರು. ನಾಗಮಂಗಲದ ಅಜ್ಜಿಯೊಬ್ಬರು ಮಾತ್ರ ಮುಖ ಸಣ್ಣ ಮಾಡಿಕೊಂಡರು. ನಲ್ಲಿ ಮುಟ್ಟಿದರೆ ಕೀಲುನೋವು ಕಮ್ಮಿ ಆಗುತ್ತಿತ್ತಂತೆ. ಈಗ ಬೈಕಿಗೆ ಎರಡು ಚೀಲವೂ ಇಲ್ಲದೆ ನಾನು ಗೇಟು ದಾಟುವುದಿಲ್ಲ.

ಬೇಸಿಗೆಯಲ್ಲಿ ಗುಂಡಿ ಒಣಗಬಾರದು, ವಾರಕ್ಕೊಮ್ಮೆ ಒಂದು ಬಿಂದಿಗೆ ನೀರು ಹಾಕು ಅಂತ ಅಕ್ಕನಿಗೆ ಹೇಳಿ ಬಂದಿದ್ದೆ. ಪ್ರತಿ ವಾರ ಹಾಕುತ್ತಾಳೆ. ಹಾಕಿದ ಮೇಲೆ, ಆ ಗುಂಡಿಯೇ ನಾನು ಅನ್ನುವ ಹಾಗೆ, ಫೋನ್ ಮಾಡುತ್ತಾಳೆ.

"ಲೇ, ಗುಂಡಿಗೆ ನೀರ್ ಉಯ್ದೆ. ಮೊದ್ಲು ಹಸಿಗೆ ಕುಡ್ಸಿ, ಆಮ್ಯಾಕೆ ನಿಂಗೆ."